‘ಕರ್ತನಲ್ಲಿ ಸಂತೋಷಿಸಿರಿ’ ಎಂಬ ಮಾತನ್ನು ಸಂತೋಷವೇ ಬತ್ತಿಹೋದವಳು ಹೇಗೆ ಓದಬೇಕು?

ಪ್ರಶ್ನೆ — ಧಾರವಾಡದ ಟೀಚರ್

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯ ಒಂದು ಕ್ರೈಸ್ತ ಮನೆಯಲ್ಲಿ. ಮುತ್ತಜ್ಜನ ಕಾಲದಿಂದಲೂ ನಮ್ಮವರು ಬಾಸೆಲ್ ಮಿಶನ್ನಿನ ಸಭೆಗೆ ಸೇರಿದವರು. ರವಿವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದ ವಚನಗಳು ಈಗಲೂ ಒಂದಕ್ಷರ ತಪ್ಪದೆ ನಾಲಗೆಯ ಮೇಲಿವೆ. ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದೆ. ಸಭೆಯ ಗಾಯನ ತಂಡದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ಮೂರು ವರ್ಷದ ಹಿಂದೆ ಅವ್ವನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತು, ಮಾತು ಹೋಯಿತು. ತಮ್ಮ ಬೆಂಗಳೂರಿನಲ್ಲಿದ್ದಾನೆ, ತಿಂಗಳಿಗೆ ಇಷ್ಟೆಂದು ತಪ್ಪದೆ ಕಳಿಸುತ್ತಾನೆ. ಹತ್ತಿರ ಇರಬೇಕಾದವಳು ನಾನು, ಆದ್ದರಿಂದ ಕೆಲಸ ಬಿಟ್ಟೆ.

ಅವ್ವನ ಬಲಗೈ ಮುಷ್ಟಿ ಬಿಗಿದುಕೊಂಡೇ ಇರುತ್ತದೆ. ಪ್ರತಿದಿನ ಬೆಳಿಗ್ಗೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಕಿರುಬೆರಳಿನಿಂದ ಆರಂಭಿಸಿ ಒಂದೊಂದೇ ಬೆರಳನ್ನು ಬಿಡಿಸಿ ಅಂಗೈಯನ್ನು ಒರೆಸುತ್ತೇನೆ. ಒರೆಸಿ ಮುಗಿಸಿ ಕೈ ಬಿಟ್ಟ ಕೂಡಲೇ ಆ ಬೆರಳುಗಳು ಮತ್ತೆ ಮಡಚಿಕೊಳ್ಳುತ್ತವೆ. ನನ್ನ ಬದುಕೂ ಹೀಗೆಯೇ ಆಗಿದೆ ಎಂದು ಕೆಲವು ದಿನ ಅನಿಸುತ್ತದೆ.

ನನ್ನ ಕಷ್ಟ ದುಡಿಮೆಯದಲ್ಲ, ಅವ್ವನ ಸೇವೆ ನನಗೆ ಭಾರವೂ ಅಲ್ಲ. ಒಳಗೆ ಏನೋ ಒಣಗಿದೆ. ಪ್ರಾರ್ಥನೆಗೆ ಕುಳಿತರೆ ಮಾತು ಬರುವುದಿಲ್ಲ. ಕಳೆದ ಪುನರುತ್ಥಾನದ ಹಬ್ಬದಂದು ಪಕ್ಕದ ಮನೆಯವರನ್ನು ಅವ್ವನ ಬಳಿ ಕೂಡಿಸಿ ದೇವಾಲಯಕ್ಕೆ ಹೋದೆ. ಎಲ್ಲರೂ ಎದ್ದು ನಿಂತು ಹಾಡುವಾಗ ನಾನು ಬರೀ ತುಟಿ ಅಲ್ಲಾಡಿಸಿದೆ, ಧ್ವನಿ ಹೊರಡಲಿಲ್ಲ. ಮೊದಲು ಎಲ್ಲರ ಬಾಯಲ್ಲಿ ‘ಟೀಚರ್’ ಆಗಿದ್ದವಳು ಈಗ ‘ಪಾಪ, ಅವರು’ ಆಗಿದ್ದೇನೆ. ಶಾಲೆಯೂ ಇಲ್ಲ, ಹಾಡೂ ಇಲ್ಲ ಎಂದ ಮೇಲೆ ನಾನು ಯಾರಿಗೆ ಬೇಕಾದವಳು ಎಂಬ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತದೆ.

ಹೀಗಿರುವಾಗ ಹಿಂದಿನ ತಿಂಗಳು ಪ್ರಾರ್ಥನೆ ಮಾಡಲೆಂದು ಮನೆಗೆ ಬಂದ ಇಬ್ಬರು, ನಂಬಿಕೆಯಿದ್ದ ಮನೆಯಲ್ಲಿ ಇಷ್ಟು ದಿನ ರೋಗ ನಿಲ್ಲುವುದಿಲ್ಲವೆಂದೂ, ಮರೆಮಾಡಿದ ಪಾಪವಿದ್ದರೆ ಒಪ್ಪಿಕೊಳ್ಳಬೇಕೆಂದೂ, ಕರ್ತನಲ್ಲಿ ಯಾವಾಗಲೂ ಸಂತೋಷಿಸಿರಿ ಎಂಬುದು ಆಜ್ಞೆಯಾಗಿರುವುದರಿಂದ ದುಃಖದಲ್ಲಿ ಕುಳಿತಿರುವುದೇ ಅವಿಧೇಯತೆಯೆಂದೂ ಹೇಳಿ ಹೋದರು. ಅವ್ವನಿಗೆ ಮಾತು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ. ಅವರು ಹೋದ ಮೇಲೆ ಅವ್ವನ ಕಣ್ಣಲ್ಲಿ ನೀರು ಇಳಿಯಿತು.

ನಾನು ವಿಶ್ವಾಸ ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ಆದರೆ ಸಂತೋಷವನ್ನು ಆಜ್ಞಾಪಿಸುವುದು ಹೇಗೆ ಸಾಧ್ಯ? ಕನ್ನಡ ಟೀಚರ್ ಆಗಿ ಕೇಳುತ್ತಿದ್ದೇನೆ: ‘ಓದಿರಿ, ಬರೆಯಿರಿ’ ಎನ್ನಬಹುದು, ‘ಸಂತೋಷಿಸಿರಿ’ ಎಂದರೆ ಏನು ಮಾಡಬೇಕು? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.


ಉತ್ತರ 1 — ನಿವೃತ್ತ ಸಭಾಪಾಲಕ

ತಂಗಿ, ನಿಮಗೂ ನಿಮ್ಮ ತಾಯಿಯವರಿಗೂ ಸಮಾಧಾನವಾಗಲಿ.

ಮೊದಲು ಆ ಇಬ್ಬರ ಮಾತನ್ನು ಬದಿಗಿಡೋಣ. ಹುಟ್ಟುಕುರುಡನನ್ನು ಕಂಡು, ಇವನು ಹೀಗೆ ಹುಟ್ಟಲು ಪಾಪ ಮಾಡಿದವರಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಇಬ್ಬರೂ ಅಲ್ಲವೆಂದು ಹೇಳಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಅಷ್ಟು ಸ್ಪಷ್ಟವಾಗಿ ಕರ್ತನೇ ಮುಚ್ಚಿದ ಬಾಗಿಲನ್ನು ನಾವು ಮತ್ತೆ ಮತ್ತೆ ತೆರೆಯುತ್ತೇವೆ. ‘ನಾವು’ ಎಂದು ಬೇಕೆಂದೇ ಬರೆದಿದ್ದೇನೆ. ನಾನು ಸೇವೆಗೆ ಸೇರಿದ ಹೊಸತರಲ್ಲಿ, ಬೆಳೆದ ಮಗನನ್ನು ಕಳೆದುಕೊಂಡ ಒಬ್ಬ ನೇಕಾರರ ಮನೆಗೆ ಹೋಗಿ, ದೇವರು ಇದರಲ್ಲಿ ನಿಮಗೊಂದು ಪಾಠ ಇಟ್ಟಿದ್ದಾನೆಂದು ಅರ್ಧ ಗಂಟೆ ಮಾತಾಡಿದೆ. ಅವರು ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡೇ ಎಲ್ಲವನ್ನೂ ಕೇಳಿದರು, ಎದ್ದುಹೋಗಿ ನನಗೆ ಮಜ್ಜಿಗೆ ತಂದುಕೊಟ್ಟರು, ಒಂದು ಮಾತೂ ಆಡಲಿಲ್ಲ. ಆ ಲೋಟವನ್ನು ನಾನು ಇಂದಿಗೂ ಮರೆತಿಲ್ಲ. ಯೋಬನ ಗೆಳೆಯರು ಅವನ ಸಂಗಡ ಏಳು ಹಗಲು ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕುಳಿತಿದ್ದರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಮಾತು ಇರುವುದು ಅಪೊಸ್ತಲ ಪೌಲನು ಫಿಲಿಪ್ಪಿಯ ಸಭೆಯವರಿಗೆ ಬರೆದ ಪತ್ರದಲ್ಲಿ. ಅದನ್ನು ವಚನ ವಚನವಾಗಿ ಕಿತ್ತು ಓದದೆ, ಒಬ್ಬ ಸೆರೆಯಾಳು ತನಗೆ ಬೇಕಾದವರಿಗೆ ಬರೆದ ಕಾಗದವೆಂದು ಒಂದೇ ಸಲಕ್ಕೆ ಕುಳಿತು ಓದಿ ನೋಡಿ. ಪೌಲನು ಬೇಡಿಯಲ್ಲಿದ್ದಾನೆ. ಬಿಡುಗಡೆಯೋ ಮರಣವೋ ಗೊತ್ತಿಲ್ಲ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನೆಂಬವನ ಕೈಯಲ್ಲಿ ಅವನಿಗೆ ಬೇಕಾದದ್ದನ್ನು ಕಳಿಸಿದ್ದರು. ಹೀಗೆ ಬಂದವನು ಕಾಯಿಲೆ ಬಿದ್ದು ಸಾಯುವ ಹಾಗಾದನು. ಅವನು ಬದುಕಿಕೊಂಡದ್ದನ್ನು ಹೇಳುವಾಗ ಪೌಲನು, ನನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ಕರುಣಿಸಿದನು ಎಂಬ ಅರ್ಥದ ಮಾತು ಬರೆಯುತ್ತಾನೆ. ದುಃಖದ ಮೇಲೆ ದುಃಖ ಎಂದರೆ ಮೊದಲಿನ ದುಃಖ ಇದ್ದೇ ಇತ್ತು ಎಂದರ್ಥವಲ್ಲವೇ? ಸಂತೋಷಿಸಿರಿ ಎಂದು ಬರೆದ ಕೈಯೇ ಇದನ್ನೂ ಬರೆಯಿತು, ಅದೇ ಪತ್ರದಲ್ಲಿ. ದುಃಖಪಡುವುದು ಅವಿಧೇಯತೆಯಾಗಿದ್ದರೆ ಮೊದಲ ಅಪರಾಧಿ ಅಪೊಸ್ತಲನೇ ಆಗುತ್ತಾನೆ.

ನೀವು ವ್ಯಾಕರಣ ಬಲ್ಲವರು. ‘ಸಂತೋಷಿಸಿರಿ’ ಎಂಬುದು ಇಲ್ಲಿ ಗೌರವಕ್ಕೆ ಹಚ್ಚಿದ ಬಹುವಚನವಲ್ಲ, ಮೂಲದಲ್ಲಿಯೇ ಬಹುವಚನ. ಅದು ಇಡೀ ಸಭೆಗೆ ಹೇಳಿದ ಮಾತು, ಒಂಟಿಯಾಗಿ ಕುಳಿತವಳಿಗೆ ಹೇಳಿದ್ದಲ್ಲ. ಅದಕ್ಕಿಂತ ಎರಡೇ ವಚನ ಹಿಂದೆ, ತಮ್ಮೊಳಗೆ ಮನಸ್ತಾಪ ಮಾಡಿಕೊಂಡಿದ್ದ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸಹೋದರಿಯರು ಒಂದಾಗಬೇಕೆಂದೂ, ಅವರಿಗೆ ಮತ್ತೊಬ್ಬರು ಸಹಾಯ ಮಾಡಬೇಕೆಂದೂ ಬೇಡಿಕೊಂಡಿದ್ದಾನೆ. ಎಂದರೆ ಸಭೆಯು ಕೂಡಿ ನಡೆಯಿಸಬೇಕಾದ ಮನೆವಾರ್ತೆ ಈ ಸಂತೋಷ. ಒಬ್ಬರ ಕೊಡ ಬರಿದಾದಾಗ ಮತ್ತೊಬ್ಬರ ಕೊಡದಿಂದ ಸುರಿಯಬೇಕು. ನಿಮ್ಮ ಧ್ವನಿ ಹೊರಡದ ಆ ರವಿವಾರ ಪಕ್ಕದಲ್ಲಿ ನಿಂತವರು ಹಾಡುತ್ತಿದ್ದರಲ್ಲ, ಅದು ನಿಮ್ಮ ಪರವಾಗಿಯೂ ಹಾಡಿದ ಹಾಡು. ಆ ಆಜ್ಞೆಯನ್ನು ಮೀರಿದವರು ನೀವಲ್ಲ. ಮೂರು ವರ್ಷ ನಿಮ್ಮ ಹೊಸ್ತಿಲು ತುಳಿಯದ ನಾವೇ.

‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂಬ ವಚನ ನಮ್ಮ ಅರ್ಧ ಮನೆಗಳ ಕ್ಯಾಲೆಂಡರಿನಲ್ಲಿ ನೇತಾಡುತ್ತಿರುತ್ತದೆ. ಅದರ ಮುಂದಿನ ವಚನವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗೊಂಡದ್ದು ಒಳ್ಳೆಯದಾಯಿತು ಎಂದು ಪೌಲನು ಕೂಡಲೇ ಹೇಳುತ್ತಾನೆ. ಕರ್ತನು ಕೊಟ್ಟ ಬಲ ಅವನಿಗೆ ಬಂದದ್ದು ಎಪಫ್ರೊದೀತನ ಕೈಯಲ್ಲಿದ್ದ ಗಂಟಿನ ಮೂಲಕವೂ ಹೌದು.

ನೆಹೆಮೀಯನ 8ನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ. ಯೆಹೋವನ ಆನಂದವೇ ನಿಮ್ಮ ಬಲ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಆ ಮಾತು ಯಾರಿಗೆ ಹೇಳಿದ್ದು? ಧರ್ಮಶಾಸ್ತ್ರವನ್ನು ಕೇಳಿ ಅಳುತ್ತ ನಿಂತಿದ್ದ ಜನರಿಗೆ. ಅದರ ಹಿಂದೆಯೇ, ಹೋಗಿ ಒಳ್ಳೆಯ ಊಟ ಉಣ್ಣಿರಿ, ಸಿಹಿಯಾದದ್ದನ್ನು ಕುಡಿಯಿರಿ, ಏನೂ ಸಿದ್ಧಮಾಡಿಕೊಳ್ಳದವರ ಮನೆಗೆ ಪಾಲು ಕಳುಹಿಸಿರಿ ಎಂದಿದೆ. ಏನೂ ಸಿದ್ಧಮಾಡಿಕೊಳ್ಳಲಾಗದ ಮನೆ ಈಗ ನಿಮ್ಮದು. ಪಾಲನ್ನು ಕಾಯುವ ಹಕ್ಕು ನಿಮಗಿದೆ, ಬೇಕೆಂದು ಕೇಳುವ ಹಕ್ಕೂ ಇದೆ.

ನಿಮ್ಮ ಊರಿನ ಸ್ತ್ರೀಯರ ಅನ್ಯೋನ್ಯ ಕೂಟದವರಿಗೆ ಬಾಯಿಬಿಟ್ಟು ಹೇಳಿ: ಪ್ರಾರ್ಥನೆಗೆ ಬರುವುದು ಬೇಡ, ವಾರಕ್ಕೆ ಎರಡು ತಾಸು ಅವ್ವನ ಬಳಿ ಕುಳಿತುಕೊಳ್ಳಲು ಬನ್ನಿ ಎಂದು. ಪ್ರವಾದಿ ಎಲೀಯನು ಜಾಲಿಯ ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತಲೆದೆಸೆಯಲ್ಲಿ ಇಟ್ಟು, ಎದ್ದು ಉಣ್ಣು ಎಂದನು. ಉಂಡು ಎಲೀಯನು ಮತ್ತೆ ಮಲಗಿದನು. ದೂತನು ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದನು. ದೇವರು ಅವನ ಸಂಗಡ ಮಾತಾಡಿದ್ದು ಅನಂತರ, ನಾಲ್ವತ್ತು ದಿನದ ಹಾದಿಯ ಆಚೆ, ಹೋರೇಬ್ ಬೆಟ್ಟದಲ್ಲಿ.


ಉತ್ತರ 2 — ಕಾರ್ಕಳದ ಹಿರಿಯ ದಾದಿ

ಅಕ್ಕಾ, ನಾನು ಕಥೋಲಿಕ ಸಭೆಯವಳು, ಅತ್ತೂರಿನ ಸಮೀಪದವಳು. ಮೂವತ್ತು ವರ್ಷ ದಾದಿಯಾಗಿ ದುಡಿದು ಈಗ ಊರಿಗೆ ಮರಳಿದ್ದೇನೆ.

ಮೊದಲು ಕಸುಬಿನ ಮಾತು. ತಾಯಿಯವರ ಅಂಗೈ ಒರೆಸಿದ ಮೇಲೆ ಚೆನ್ನಾಗಿ ಒಣಗಿಸಿ, ಮೆತ್ತನೆಯ ಹತ್ತಿ ಬಟ್ಟೆಯನ್ನು ಸುರುಳಿ ಸುತ್ತಿ ಅಂಗೈಯಲ್ಲಿ ಇಡಿ. ಉಗುರು ಅಂಗೈಗೆ ಚುಚ್ಚಿ ಹುಣ್ಣಾಗುವುದು ತಪ್ಪುತ್ತದೆ. ಬೆರಳುಗಳನ್ನು ಬಲವಂತದಿಂದ ಎಳೆಯಬೇಡಿ; ಮೊದಲು ಮಣಿಕಟ್ಟನ್ನು ಮೆಲ್ಲನೆ ಒಳಗೆ ಬಾಗಿಸಿಕೊಂಡರೆ ಬೆರಳು ತಾನಾಗಿ ಸಡಿಲವಾಗುತ್ತದೆ. ಒಬ್ಬ ಫಿಸಿಯೋಥೆರಪಿಸ್ಟರನ್ನು ಒಮ್ಮೆ ಮನೆಗೆ ಕರೆಸಿ ಕಲಿತುಕೊಳ್ಳಿ. ವಿಶ್ವಾಸದ ಚರ್ಚೆಯಲ್ಲಿ ಇದೇಕೆ ಎಂದು ಯಾರಾದರೂ ಕೇಳಬಹುದು. ನೀವು ಬಿಡಿಸುವ ಆ ಐದು ಬೆರಳು ನಿಮ್ಮ ವಿಶ್ವಾಸದ ಹೊರಗಿನ ಸಂಗತಿಯೆಂದು ನನಗೆ ಅನಿಸುವುದಿಲ್ಲ.

‘ನಾನು ಯಾರಿಗೆ ಬೇಕಾದವಳು’ ಎಂದು ಕೇಳಿದ್ದೀರಿ. ಪಾಸ್ಟರರು ಸಂತೋಷದ ಬಗ್ಗೆ ಬರೆದರು, ನಾನು ಈ ಬೆಲೆಯ ವಿಷಯವನ್ನೇ ಹಿಡಿದುಕೊಳ್ಳುತ್ತೇನೆ. ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ ಮಾರುವ ಮಾತಿದೆ. ಲೂಕನ ಸುವಾರ್ತೆಯಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡಿ. ಎರಡು ಕಾಸಿಗೆ ನಾಲ್ಕು ಬರಬೇಕು. ಐದನೆಯದು ಕೊಸರು. ಸಂತೆಯಲ್ಲಿ ಮೆಣಸಿನಕಾಯಿ ಕೊಂಡಾಗ ಕೊನೆಗೊಂದು ಹಿಡಿ ಹಾಕುತ್ತಾರಲ್ಲ, ಹಾಗೆ ಬೆಲೆಯೇ ಇಲ್ಲದೆ ಕೈಗೆ ಬಿದ್ದ ಗುಬ್ಬಿ ಅದು. ಅವುಗಳಲ್ಲಿ ಒಂದನ್ನಾದರೂ ದೇವರು ಮರೆಯುವುದಿಲ್ಲ ಎಂದು ಪ್ರಭು ಯೇಸು ಹೇಳಿದಾಗ ಆ ಕೊಸರಿನ ಗುಬ್ಬಿಯೂ ಲೆಕ್ಕದಲ್ಲಿ ಸೇರಿತು. ನೀವು ಶಾಲೆಯಲ್ಲಿ ಸಂಬಳ ಎಣಿಸುವಾಗ ನಾಲ್ಕರಲ್ಲಿ ಒಬ್ಬರಾಗಿದ್ದಿರಿ, ಈಗ ಐದನೆಯವರಾದೆ ಎಂದು ಅಂದುಕೊಳ್ಳುತ್ತಿದ್ದೀರಿ. ದೇವರ ನೆನಪಿನಲ್ಲಿ ಅದು ಬೇರೆ ಸಾಲಲ್ಲ.

ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ಜನವರಿಯ ಜಾತ್ರೆಯಲ್ಲಿ ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. 2016ರಲ್ಲಿ ಅದಕ್ಕೆ ಬಸಿಲಿಕದ ಪದವಿಯೂ ದೊರೆಯಿತು. ಆ ಲಾರೆನ್ಸರು ರೋಮಿನ ಸಭೆಯ ಧರ್ಮಸೇವಕರು, ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 258ರಲ್ಲಿ, ರಕ್ತಸಾಕ್ಷಿಯಾದವರು. ಸಭೆಯ ಭಂಡಾರವನ್ನು ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ ಅವರು ಬಡವರನ್ನೂ ಕುಂಟರನ್ನೂ ಕುರುಡರನ್ನೂ ರೋಗಿಗಳನ್ನೂ ಸಾಲಾಗಿ ಕರೆತಂದು, ಇವರೇ ಸಭೆಯ ಭಂಡಾರ ಎಂದರೆಂದು ಪರಂಪರೆ ಹೇಳುತ್ತದೆ. ಚಿಕ್ಕವಳಿದ್ದಾಗ ಇದನ್ನು ಬರೀ ಕಥೆಯಾಗಿ ಕೇಳಿದ್ದೆ. ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವಾಗ, ಮಾತಿಲ್ಲದೆ ಮಲಗಿದವರ ಮಗ್ಗುಲು ಬದಲಾಯಿಸುತ್ತ ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ, ಆ ಸಾಲು ಇದೇ ಎಂದು ತಿಳಿಯಿತು. ನಿಮ್ಮ ತಾಯಿ ಆ ಸಾಲಿನಲ್ಲಿದ್ದಾರೆ. ಭಂಡಾರದ ಬೀಗದ ಕೈ ನಿಮ್ಮ ಬಳಿ ಇದೆ.

ಇನ್ನೊಬ್ಬರ ನೆನಪನ್ನು ಇಲ್ಲಿ ಮಾಡಿಕೊಳ್ಳಲೇಬೇಕು, ನಮ್ಮ ನೆಲದವರೆಂಬ ಅಭಿಮಾನವೂ ನನಗಿದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ನಮ್ಮ ಕಾರ್ಕಳ ತಾಲ್ಲೂಕಿನ ಮಾಳದವರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡ ಮನುಷ್ಯ ಅವರು. ತೀರ್ಥದಿಂದ ತೀರ್ಥಕ್ಕೆ ಅಲೆಯುತ್ತಿದ್ದ ಆ ಸಂಸಾರವನ್ನು 1874ರ ಸುಮಾರಿಗೆ ಬರ ಹಿಡಿಯಿತು. ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೆ ಒಬ್ಬರು ಹಸಿವೆಯಲ್ಲಿ ಹೋದರು. ಸಾಯುವ ಮೊದಲು ತಂದೆ, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳು ಎಂದು ಹೇಳಿದ ಮಾತನ್ನು ಅವರು ತಮ್ಮ ಸಾಕ್ಷಿಯಲ್ಲಿ ನೆನೆದಿದ್ದಾರೆ. ಮುಂದೆ ಅಣ್ಣನೂ ತೀರಿಕೊಂಡರು, ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ 1882ರಲ್ಲಿ ಗಂಡನೂ ಹೋದರು. ಕೈಯಲ್ಲಿ ಉಳಿದದ್ದು ಮನೋರಮಾ ಎಂಬ ಹಸುಳೆ. ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ.

ಇಂಗ್ಲೆಂಡಿಗೆ ಹೋದಾಗ ಸಿಸ್ಟರುಗಳು ಅವರನ್ನು ಲಂಡನ್ನಿನ ಫುಲಂನಲ್ಲಿದ್ದ ಒಂದು ಆಶ್ರಯಕ್ಕೆ ಕರೆದೊಯ್ದರು. ಊರಿನವರು ಕೆಟ್ಟವರೆಂದು ಬಿಟ್ಟುಬಿಟ್ಟ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಇದೇಕೆ ಹೀಗೆ ಎಂದು ಕೇಳಿದಾಗ ಒಬ್ಬ ಸಿಸ್ಟರ್, ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನ ಸಂಗಡ ಮಾತಾಡಿದ ಅಧ್ಯಾಯವನ್ನು ಓದಿ ವಿವರಿಸಿದರು. ರಮಾಬಾಯಿಯವರ ಮನಸ್ಸು ತಿರುಗಿದ್ದು ಅಲ್ಲಿ. 1883ರಲ್ಲಿ ದೀಕ್ಷಾಸ್ನಾನವಾಯಿತು. ಆದರೆ ಅಕ್ಕಾ, ನಿಮಗೆ ಬೇಕಾದದ್ದು ಇದರ ಮುಂದಿನ ಭಾಗ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತಾನು ಕ್ರೈಸ್ತಧರ್ಮವನ್ನು ಕಂಡುಕೊಂಡಿದ್ದೆನೇ ಹೊರತು ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲ ಎಂದು ಅವರಿಗೆ ತಿಳಿಯಿತು. ಅಷ್ಟು ಓದಿದವರು, ಅಷ್ಟು ದುಡಿದವರು, ಶಾರದಾ ಸದನ ಕಟ್ಟಿ ಬಾಲವಿಧವೆಯರಿಗೆ ನೆರಳಾಗಿದ್ದವರು, ಒಳಗೆ ಸಮಾಧಾನವಿಲ್ಲವೆಂದು ನಾಚದೆ ಬರೆದುಕೊಂಡರು. ಆಮೇಲೆ ಕೆಡಗಾಂವಿನ ಮುಕ್ತಿ ಸದನಕ್ಕೆ ಅವರು 1896-97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿದು ಬಿದ್ದವರನ್ನು ಎತ್ತುವಾಗ ತನ್ನ ತಾಯಿಯನ್ನೂ ಅಕ್ಕನನ್ನೂ ಅವರು ಅಲ್ಲಿ ಕಂಡಿರಬೇಕು ಎಂದು ನಾನು ಭಾವಿಸುತ್ತೇನೆ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಾಗ ಅವರು ಹೀಬ್ರೂ, ಗ್ರೀಕ್ ಮೂಲದಿಂದ ಬೈಬಲನ್ನು ಮರಾಠಿಗೆ ತರುವ ಕೆಲಸದ ಕೊನೆಯ ಹಂತದಲ್ಲಿದ್ದರು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ನನಗೂ ಎರಡು ವರ್ಷ ಜಪಸರ ಬರೀ ಮಣಿಯಾಗಿತ್ತು. ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿದೆ. ಅವರು, ಪ್ರಾರ್ಥನೆ ಬಾರದಿದ್ದರೆ ಬೇಡ, ಮಣಿಗಳನ್ನು ಕೈಯಲ್ಲಿ ಹಿಡಿದುಕೊಂಡು ಮಲಗಿ ಎಂದರು. ಹಾಗೆಯೇ ಮಾಡಿದೆ. ಯಾವ ದಿನ ಅದು ಮತ್ತೆ ಪ್ರಾರ್ಥನೆಯಾಯಿತೆಂದು ನನಗೆ ಗುರುತು ಸಿಗಲಿಲ್ಲ.


ಉತ್ತರ 3 — ಹುಬ್ಬಳ್ಳಿಯವ, ಈಗ ಪುಣೆಯಲ್ಲಿ

ಟೀಚರ್, ನಮಸ್ಕಾರ. ಹಿರಿಯರಿಬ್ಬರೂ ಬರೆದದ್ದನ್ನು ಎರಡು ಸಲ ಓದಿದೆ. ಅಯ್ಯನವರ ಒಂದು ಮಾತಿಗೆ ಸ್ವಲ್ಪ ಸೇರಿಸಬೇಕೆನಿಸುತ್ತದೆ, ಅವರು ತಪ್ಪು ತಿಳಿಯಬಾರದು.

ಸಂತೋಷ ಬತ್ತಿಹೋಗುವುದು, ನಿದ್ದೆ ಕೆಡುವುದು, ಯಾರಿಗೂ ಬೇಡವಾದೆ ಎಂಬ ಯೋಚನೆ ದಿನವೂ ಬರುವುದು, ಇವು ಆತ್ಮಿಕ ಪ್ರಶ್ನೆಗಳಾಗಿರಬಹುದು, ಕಾಯಿಲೆಯ ಲಕ್ಷಣಗಳೂ ಆಗಿರಬಹುದು. ನನ್ನ ವಿಷಯದಲ್ಲಿ ಅದು ಖಿನ್ನತೆಯ ಕಾಯಿಲೆಯಾಗಿತ್ತು. ಮಾತ್ರೆಯಿಂದ ಗುಣ ಕಾಣುತ್ತಿದ್ದಾಗ, ನಾನು ಗೌರವಿಸುತ್ತಿದ್ದ ಒಬ್ಬರು, ನಂಬಿಕೆಯಿದ್ದರೆ ಮಾತ್ರೆ ಏಕೆ ಎಂದು ಕೇಳಿದರು. ನಿಲ್ಲಿಸಿಬಿಟ್ಟೆ. ಎರಡು ತಿಂಗಳಲ್ಲಿ ಮೊದಲಿಗಿಂತ ಕೆಳಗೆ ಹೋದೆ. ಮರಳಿ ಡಾಕ್ಟರ ಬಳಿ ಕರೆದೊಯ್ದವಳು ನನ್ನ ತಂಗಿ. ಆಮೇಲೆ ಸತ್ಯವೇದವನ್ನು ಈ ಕಣ್ಣಿನಿಂದ ಓದಿದೆ. ಅರಸನಾದ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯನು ಅಂಜೂರದ ಹಣ್ಣಿನ ಪಟ್ಟು ಹಾಕಿಸಿದನು. ಪೌಲನ ಜೊತೆಗಾರ ಲೂಕನು ವೈದ್ಯ, ಅವನನ್ನು ಪ್ರಿಯ ವೈದ್ಯನೆಂದೇ ಪೌಲನು ಕರೆಯುತ್ತಾನೆ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲನು ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು. ಔಷಧ ತೆಗೆದುಕೊಂಡವನ ನಂಬಿಕೆ ಕಡಿಮೆಯೆಂದು ಇವರಲ್ಲಿ ಯಾರೂ ಎಣಿಸಲಿಲ್ಲ.

ಧಾರವಾಡದಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಮನೆ ಬಿಟ್ಟು ಹೋಗುವುದು ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮೊದಲ ಸಲ ಕರೆ ಮಾಡಿದಾಗ ಐದು ನಿಮಿಷ ನನ್ನಿಂದ ಮಾತೇ ಹೊರಡಲಿಲ್ಲ. ಆ ಕಡೆಯವರು ಕಾದರು.

ಇನ್ನೊಂದು ಮಾತು. ಸಭೆ ಹೊರಬೇಕು ಎಂಬುದು ನಿಜ, ಆದರೆ ನಗರದಲ್ಲಿ ಒಂಟಿ ಕೋಣೆಯಲ್ಲಿ ಇದ್ದಾಗ ನನ್ನನ್ನು ಹೊರಲು ಯಾರೂ ಇರಲಿಲ್ಲ. ಆಗ ನನ್ನ ಕೈಹಿಡಿದದ್ದು 88ನೆಯ ಕೀರ್ತನೆ. ಬೇರೆ ಅಳಲಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗಾದರೂ ಮಾಡಿ ಸ್ತೋತ್ರದ ಕಡೆಗೆ ಹೊರಳುತ್ತವೆ. ಇದು ಹೊರಳುವುದಿಲ್ಲ. ಕತ್ತಲೆಯ ಮಾತಿನಲ್ಲಿಯೇ ಮುಗಿದುಹೋಗುತ್ತದೆ. ಅಂಥದ್ದನ್ನೂ ದೇವಜನರು ತಮ್ಮ ಆರಾಧನೆಯ ಪುಸ್ತಕದಲ್ಲಿ ಉಳಿಸಿಕೊಂಡರು, ತಿದ್ದಲಿಲ್ಲ, ಕೊನೆಗೊಂದು ಸಮಾಧಾನದ ಸಾಲು ಹೊಲಿಯಲಿಲ್ಲ. ಹಾಗಾದರೆ ನನ್ನ ಕತ್ತಲೆಯನ್ನೂ ಇದ್ದ ಹಾಗೆಯೇ ದೇವರ ಮುಂದೆ ಇಡಬಹುದೆಂದು ಧೈರ್ಯ ಬಂತು. ತಿಂಗಳುಗಟ್ಟಲೆ ಅದೊಂದೇ ನನ್ನ ಪ್ರಾರ್ಥನೆಯಾಗಿತ್ತು. ನಿಮ್ಮ ಬಾಯಿಪಾಠದಲ್ಲಿ ಅದು ಇರಲಿಕ್ಕಿಲ್ಲ, ರವಿವಾರ ಶಾಲೆಯಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ.


ಪ್ರಶ್ನೆ ಕೇಳಿದವರು — ಧಾರವಾಡದ ಟೀಚರ್

ಉತ್ತರಿಸಲು ಹತ್ತು ದಿನ ತಡಮಾಡಿದ್ದಕ್ಕೆ ಕ್ಷಮೆ ಇರಲಿ. ಮೂವರಿಗೂ ನನ್ನ ವಂದನೆಗಳು.

ಅಯ್ಯನವರೇ, ಬಹುವಚನದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಪ್ಪತ್ತೆರಡು ವರ್ಷ ಏಕವಚನ ಬಹುವಚನ ಕಲಿಸಿದವಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅನ್ಯೋನ್ಯ ಕೂಟದ ಒಬ್ಬರಿಗೆ ನೀವು ಹೇಳಿದ ಹಾಗೆಯೇ ಬಾಯಿಬಿಟ್ಟು ಕೇಳಿದೆ. ಅವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ವರ್ಷದಿಂದ ನಿಮಗೆ ತೊಂದರೆ ಕೊಡಬಾರದೆಂದು ಬಂದಿರಲಿಲ್ಲ ಟೀಚರ್ ಎಂದರು. ಗುರುವಾರ ಬಂದರು. ಜೋಳದ ರೊಟ್ಟಿ, ಪುಂಡಿಪಲ್ಯೆ ತಂದಿದ್ದರು. ಎಲೀಯನ ಕಥೆ ಅವರಿಗೆ ನಾನು ಹೇಳಿರಲಿಲ್ಲ. ಅವರು ಅವ್ವನ ಬಳಿ ಕುಳಿತರು, ನಾನು ಒಳಗಿನ ಕೋಣೆಯಲ್ಲಿ ಎರಡು ತಾಸು ಮಲಗಿದೆ. ಹಗಲಿನಲ್ಲಿ ಹಾಗೆ ಮಲಗಿ ಎಷ್ಟೋ ಕಾಲವಾಗಿತ್ತು.

ತಮ್ಮಾ, ಬರುವ ಸೋಮವಾರ ಡಿಮ್ಹಾನ್ಸಿಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ. ಬೆಂಗಳೂರಿನಿಂದ ನನ್ನ ತಮ್ಮ ಅದಕ್ಕೆಂದು ಎರಡು ದಿನ ಬರುತ್ತಾನೆ. 88ನೆಯ ಕೀರ್ತನೆಯನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ, ಓದಬಾರದಿತ್ತೇನೋ ಎಂದು ನಡುವೆ ಅನುಮಾನವಾಯಿತು. ಅವ್ವ ಎಡಗೈಯಿಂದ ಪುಸ್ತಕದ ಮೇಲೆ ಮೆಲ್ಲನೆ ತಟ್ಟಿದಳು. ಮತ್ತೆ ಓದೆಂದು ಹಾಗೆ ತಟ್ಟುತ್ತಾಳೆ. ಮತ್ತೆ ಓದಿದೆ.

ದಾದಿ ಅಕ್ಕನವರೇ, ನನ್ನನ್ನು ಅಕ್ಕಾ ಎಂದು ನೀವು ಕರೆದಿದ್ದೀರಿ, ವಯಸ್ಸಿನಲ್ಲಿ ನೀವೇ ದೊಡ್ಡವರಿರಬೇಕು. ಹಳೆಯ ಇಳಕಲ್ ಸೀರೆಯ ಒಂದು ತುಂಡನ್ನು ಸುರುಳಿ ಸುತ್ತಿ ಅವ್ವನ ಅಂಗೈಯಲ್ಲಿ ಇಟ್ಟಿದ್ದೇನೆ. ಮಣಿಕಟ್ಟು ಬಾಗಿಸಿದರೆ ಬೆರಳು ಸಡಿಲವಾಗುತ್ತದೆಂದು ಮೂರು ವರ್ಷ ಯಾರೂ ನನಗೆ ಹೇಳಿರಲಿಲ್ಲ. ಕಿರುಬೆರಳಿನ ಉಗುರಿನ ಗುರುತು ಅಂಗೈಯಲ್ಲಿ ಮಾಸುತ್ತಿದೆ. ಈ ರವಿವಾರ ಗುರುವಾರದವರೇ ಮನೆಯಲ್ಲಿ ಕೂಡುತ್ತೇನೆಂದಿದ್ದಾರೆ, ಆರಾಧನೆಗೆ ಹೋಗುತ್ತೇನೆ. ಹಾಡುವೆನೋ ಇಲ್ಲವೋ ತಿಳಿಯದು. ಹಾಡುವವರ ನಡುವೆ ನಿಂತಿರುತ್ತೇನೆ.